‘ಬ್ರೇಕ್ ಹೊಂದಿಸುವುದು’ ಎಂದರೆ ಯಾವ ಕೆಲಸ? ಚಿಕ್ಕ ಗಾಲಿಯ ಟ್ರೇಲರುಗಳ ಕುರಿತು ಒಂದು ಪದವಿಚಾರ

ಬಳಗದ ಎಲ್ಲರಿಗೂ ನಮಸ್ಕಾರ.

ಭಾರಿ ಯಂತ್ರಗಳನ್ನು ಸಾಗಿಸುವ ಲೋಬೆಡ್ ಟ್ರೇಲರುಗಳ ದುರಸ್ತಿಯ ಬಗ್ಗೆ ಮೆಕ್ಯಾನಿಕ್‌ಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಟ್ರೇಲರಿನ ಹಾಸು ನೆಲಕ್ಕೆ ಹತ್ತಿರವಾಗಲೆಂದು 20 ಅಥವಾ 22.5 ಇಂಚಿನ ಗಾಲಿಗಳ ಬದಲು 17.5 ಇಂಚಿನವನ್ನು ಹಾಕುವುದುಂಟು. ಆಗ ಬ್ರೇಕೂ ಬದಲಾಗಬೇಕು. ಆ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ನನ್ನ ಪ್ರಶ್ನೆ. ಇಲ್ಲಿ ಪದ ತಪ್ಪಿದರೆ ಓದಿದವನ ಕೈಕೆಲಸವೂ ತಪ್ಪುತ್ತದೆ.

ಮೊದಲ ಕರಡಿನಲ್ಲಿ ‘ಬ್ರೇಕನ್ನು ಚಿಕ್ಕ ಗಾಲಿಗೆ ಹೊಂದಿಸುವುದು’ ಎಂದು ಬರೆದಿದ್ದೆ. ಅದನ್ನು ಓದಿದ ಹಿರಿಯ ಮೆಕ್ಯಾನಿಕ್ ಒಬ್ಬರು, ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸಿ, ಗಾಲಿಯೊಡನೆ ಸುತ್ತುವ ಡ್ರಮ್ಮಿಗೂ ಒಳಗಿನಿಂದ ಅದನ್ನು ಒತ್ತಿ ನಿಲ್ಲಿಸುವ ಶೂಗಳಿಗೂ ನಡುವಿನ ಸಂದನ್ನು ಸರಿಮಾಡುವ ದಿನನಿತ್ಯದ ಕೆಲಸವೆಂದೇ ಅದನ್ನು ಅರ್ಥಮಾಡಿಕೊಂಡರು. ಅವರ ಓದು ನ್ಯಾಯವಾದದ್ದೇ. ಗ್ಯಾರೇಜಿನಲ್ಲಿ ಹೊಂದಿಸುವುದು, ಸೆಟ್ ಮಾಡುವುದು, ಟೈಟ್ ಮಾಡುವುದು ಎಲ್ಲವೂ ಆ ಕೆಲಸದ ಹೆಸರುಗಳೇ ಆಗಿರುವಾಗ, ಅದೇ ಮಾತನ್ನು ಬೇರೊಂದು ಅರ್ಥಕ್ಕೆ ಎಳೆಯುವುದು ಸರಿಯಲ್ಲ.

‘ಮಾರ್ಪಡಿಸು’ ಎಂದು ತಿದ್ದಿದೆ. ಅದರ ತೊಡಕು ಇನ್ನೂ ದೊಡ್ಡದು, ಏಕೆಂದರೆ ಇರುವ ವಸ್ತುವನ್ನೇ ಇಟ್ಟುಕೊಂಡು ಅದರ ರೂಪ ಬದಲಿಸುವ ಅರ್ಥ ಆ ಪದಕ್ಕಿದೆ. ಹಳೆಯ ಡ್ರಮ್ಮನ್ನು ಲೇತಿಗೆ ಹಾಕಿ ಹೊರಮೈ ಕಡೆದು ಹೊಸ ಗಾಲಿಯೊಳಗೆ ಕೂರಿಸಿದರೂ ಅದು ಮಾರ್ಪಾಡೇ ಆಗುತ್ತದೆ. ಎಂದೂ ಮಾಡಬಾರದ ಕೆಲಸವೂ ಅದೇ. ಡ್ರಮ್ಮಿನ ಗೋಡೆ ತೆಳುವಾದಷ್ಟೂ ಶಾಖವನ್ನು ಹೀರಿಕೊಳ್ಳುವ ಕಬ್ಬಿಣ ಕಡಿಮೆಯಾಗುತ್ತದೆ, ಕಾದು ಬಿರುಕು ಬಿಡುವ ಸಂಭವ ಹೆಚ್ಚುತ್ತದೆ.

ಇಂಥ ಆಸೆ ಹುಟ್ಟುವುದಕ್ಕೆ ಅಳತೆಯ ಮಾತುಗಳೂ ಕಾರಣವೆಂದು ನನಗನ್ನಿಸುತ್ತದೆ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾದ ಒಂದು ಡ್ರಮ್ಮಿನ ಅಳತೆ 16.5 ಇಂಚು, ಗಾಲಿಯದು 17.5 ಇಂಚು ಎಂದಾಗ, ಒಂದು ಇಂಚು ಜಾಗ ಉಳಿಯುತ್ತದೆಂದು ಯಾರಿಗಾದರೂ ತೋರುತ್ತದೆ. ಆದರೆ 16.5 ಎನ್ನುವುದು ಡ್ರಮ್ಮಿನ ಒಳವ್ಯಾಸ, ಗೋಡೆಯ ದಪ್ಪ ಸೇರಿದರೆ ಹೊರವ್ಯಾಸ ಅದಕ್ಕಿಂತ ಹೆಚ್ಚು, 17.5 ಎನ್ನುವುದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ರಿಮ್ಮಿನೊಳಗಿನ ಟೊಳ್ಳು ಅದಕ್ಕಿಂತ ಕಡಿಮೆ. ಹಾಗಾಗಿ ಕೈಪಿಡಿಯಲ್ಲಿ ಬರಿದೇ ‘ಅಳತೆ’ ಎನ್ನದೆ ‘ಡ್ರಮ್ಮಿನ ಒಳವ್ಯಾಸ’, ‘ಟೈರು ಕೂರುವ ವ್ಯಾಸ’ ಎಂದು ಪ್ರತಿ ಸಲವೂ ಬಿಡಿಸಿ ಬರೆಯಲು ನಿರ್ಧರಿಸಿದ್ದೇನೆ. ಓದಲು ಭಾರವಾದರೂ ಚಿಂತೆಯಿಲ್ಲ.

17.5 ಇಂಚಿನ ಗಾಲಿಗೆ ಸುಮಾರು 12.25 ಇಂಚು ಒಳವ್ಯಾಸದ ಡ್ರಮ್ಮಿರುವ ಬೇರೆಯೇ ಬ್ರೇಕು ಬರುತ್ತದೆ. ಡ್ರಮ್ಮು, ಶೂ, ಶೂವಿನ ಮೇಲೆ ಘರ್ಷಣೆಗಾಗಿ ಕೂರಿಸುವ ಲೈನಿಂಗ್, ಶೂಗಳನ್ನು ಅಗಲಿಸುವ ಕ್ಯಾಮ್, ಸ್ಲ್ಯಾಕ್ ಅಡ್ಜಸ್ಟರಿನ ತೋಳಿನ ಉದ್ದ, ಆ ತೋಳನ್ನು ಗಾಳಿಯ ಒತ್ತಡದಿಂದ ತಳ್ಳುವ ಚೇಂಬರಿನ ಗಾತ್ರ ಇವೆಲ್ಲವನ್ನೂ ಆಕ್ಸಲಿನ ಭಾರಕ್ಕೆ ಮತ್ತು ಟೈರಿನ ತ್ರಿಜ್ಯಕ್ಕೆ ಲೆಕ್ಕಹಾಕಿ ಒಟ್ಟಾಗಿ ಆರಿಸಿರುತ್ತಾರೆ. 295/80ಆರ್22.5 ಟೈರಿನ ವ್ಯಾಸ ಸುಮಾರು 1,044 ಮಿ.ಮೀ., 215/75ಆರ್17.5 ಟೈರಿನದು ಸುಮಾರು 767 ಮಿ.ಮೀ.; ಆದ್ದರಿಂದ ರಸ್ತೆಯ ಮೇಲೆ ಅಷ್ಟೇ ತಡೆಬಲ ಬೇಕಿದ್ದರೂ ಚಿಕ್ಕ ಗಾಲಿಗೆ ಕಾಲುಭಾಗಕ್ಕಿಂತ ತುಸು ಹೆಚ್ಚೇ ಕಡಿಮೆ ಟಾರ್ಕ್ (ಗಾಲಿಯ ತಿರುಗುವಿಕೆಯನ್ನು ತಡೆಯುವ ತಿರುಚುಬಲ) ಸಾಕು. ಅದನ್ನು ಲೆಕ್ಕಿಸದೆ ಹಳೆಯ ಟಾರ್ಕನ್ನೇ ಉಳಿಸಿದರೆ ಖಾಲಿ ಟ್ರೇಲರಿನ ಗಾಲಿಗಳು ಬೇಗ ಕಚ್ಚಿಕೊಂಡು ಜಾರುತ್ತವೆ. ಟಾರ್ಕ್ ಕಡಿಮೆ ಸಾಕೆಂದ ಮಾತ್ರಕ್ಕೆ ಶಾಖವೇನೂ ಕಡಿಮೆಯಾಗುವುದಿಲ್ಲ. ಭಾರವೂ ವೇಗವೂ ಅಷ್ಟೇ ಇರುವಾಗ ಬ್ರೇಕಿನಲ್ಲಿ ಹುಟ್ಟುವ ಶಾಖವೂ ಅಷ್ಟೇ, ಅದನ್ನು ಈಗ ಚಿಕ್ಕ ಡ್ರಮ್ಮು ತಾಳಿಕೊಳ್ಳಬೇಕು.

ಹೀಗೆ ಪರಸ್ಪರ ತಾಳೆಯಾಗುವ ಭಾಗಗಳನ್ನು ಒಟ್ಟಿಗೆ ತೆಗೆದು, ಒಟ್ಟಿಗೆ ಹಾಕುವುದಕ್ಕೆ ನನಗೆ ಹೊಳೆದಿರುವ ಮಾತು ‘ಬ್ರೇಕ್ ಜೋಡಣೆಯನ್ನೇ ಬದಲಿಸುವುದು’. ‘ಸೆಟ್ಟು ಬದಲಿಸುವುದು’ ಎಂದರೆ ಗ್ಯಾರೇಜಿನವರಿಗೆ ಇನ್ನೂ ಹತ್ತಿರವಾದೀತು, ಆದರೆ ಬರಿಯ ಶೂಗಳ ಜೋಡಿಗೂ ಅವರು ಸೆಟ್ಟು ಎನ್ನುತ್ತಾರೆ. ‘ಮಾರ್ಪಾಡು’ ಎಂಬುದನ್ನು ಕಾನೂನಿನ ಅರ್ಥಕ್ಕೆ ಮೀಸಲಿಡುವುದು ಒಳ್ಳೆಯದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುವುದರಿಂದ, ಆ ಪದ ಕಂಡಲ್ಲಿ ಓದುಗನಿಗೆ ಅನುಮತಿಯ ನೆನಪಾಗಬೇಕು.

ಇನ್ನೊಂದು ಪದವೂ ಬೇಕಾಗಿದೆ. ಘಾಟಿ ಇಳಿಯುವಾಗ ಬ್ರೇಕು ವಿಪರೀತ ಕಾದು, ಲೈನಿಂಗಿನ ಘರ್ಷಣೆ ತಗ್ಗಿ, ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿದು, ಹಿಡಿತ ಸ್ವಲ್ಪಸ್ವಲ್ಪವಾಗಿ ಕಡಿಮೆಯಾಗುತ್ತದೆ. ಪತ್ರಿಕೆಗಳಲ್ಲಿ ಇದಕ್ಕೂ ‘ಬ್ರೇಕ್ ವೈಫಲ್ಯ’ ಎಂದೇ ಬರುತ್ತದೆ, ಗಾಳಿಯ ಕೊಳವೆ ಒಡೆದರೂ ಅದೇ ಮಾತು. ಎರಡಕ್ಕೂ ಕಾರಣ ಬೇರೆ, ಚಾಲಕ ಮಾಡಬೇಕಾದ್ದೂ ಬೇರೆ. ‘ಬ್ರೇಕ್ ಸೋಲುವುದು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಕೈಕಾಲು ಸೋತವು ಎನ್ನುವಾಗಿನ ಸೋಲು ಅದು. ಶಿರಾಡಿ, ಚಾರ್ಮಾಡಿ ದಾರಿಯಲ್ಲಿ ಲಾರಿ ಓಡಿಸುವವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಕೇಳಿಬಲ್ಲವರು ಅವರಾಡುವ ವಾಕ್ಯವನ್ನು ಹಾಗೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.