ಎಣ್ಣೆ ಕಡಿಮೆ ಮಾಡಿದ ಮೇಲೆ ಪಲಾವ್ ಮುದ್ದೆ ಆಗ್ತಿದೆ, ತಳಾನೂ ಹಿಡೀತಿದೆ

ಕುಕ್ಕರ್‌ಕೂಗು
ಎಲ್ಲರಿಗೂ ನಮಸ್ಕಾರ. ಮನೆಯವರಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ. ಹಾಗಾಗಿ ತರಕಾರಿ ಪಲಾವಿಗೆ ಹಾಕುತ್ತಿದ್ದ ಎಣ್ಣೆಯನ್ನು ಒಂದು ಟೀ ಚಮಚಕ್ಕೆ ಇಳಿಸಿದೆ. ಅವತ್ತಿನಿಂದ ಮೂರು ಸಲ ಮಾಡಿದೆ, ಮೂರು ಸಲವೂ ಮೇಲೆ ಮುದ್ದೆ, ಕೆಳಗೆ ಸೀದ ವಾಸನೆ. ಒಂದು ಲೋಟ ಸೋನಾ ಮಸೂರಿ, ಎರಡೂವರೆ ಲೋಟ ನೀರು, ಮೂರು ಕೂಗು. ಬೀನ್ಸ್, ಕ್ಯಾರೆಟ್, ಬಟಾಣಿ, ಎರಡು ಟೊಮೆಟೊ. ಮಸಾಲೆಗೆ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಒಂದು ಹೋಳು ತೆಂಗಿನಕಾಯಿ. ಎಣ್ಣೆ ಇಲ್ಲದೆ ಪಲಾವ್ ಉದುರುದುರಾಗಿ ಬರೋದೇ ಇಲ್ವಾ?

ಹುರಿಗಡಲೆ
ಬರುತ್ತೆ. ಎಣ್ಣೆ ಇದ್ದರೆ ಅಗುಳು ಅಂಟೋದು ಸ್ವಲ್ಪ ಕಡಿಮೆ, ಅಷ್ಟೇ. ಮುದ್ದೆ ಮಾಡ್ತಿರೋದು ನೀರು. ರುಬ್ಬುವಾಗ ಹಾಕಿದ ನೀರನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಅಕ್ಕಿ ನೆನೆಸ್ತೀರಾ?

ಕುಕ್ಕರ್‌ಕೂಗು
ಅರ್ಧ ಗಂಟೆ ನೆನೆಸ್ತೀನಿ. ರುಬ್ಬಿದ ನೀರು ಲೆಕ್ಕಕ್ಕೆ ಹಿಡಿದಿಲ್ಲ, ಅದೇ ಮುಕ್ಕಾಲು ಲೋಟ ಇರಬಹುದು.

ಹುರಿಗಡಲೆ
ಅಲ್ಲಿಗೆ ಮೂರೂಕಾಲು ಲೋಟ ಆಯ್ತು, ಮೇಲೆ ಟೊಮೆಟೊ ರಸ ಬೇರೆ! ಅಷ್ಟಕ್ಕೆ ಗಂಜಿನೇ ಆಗೋದು. ರುಬ್ಬಿದ ಮಸಾಲೆಯನ್ನು ಮೊದಲು ಅದೇ ಲೋಟಕ್ಕೆ ಹಾಕಿ ಅಳೆಯಿರಿ. ಮಸಾಲೆ, ನೀರು ಎರಡೂ ಸೇರಿ ಒಂದೂಮುಕ್ಕಾಲು ಲೋಟ ದಾಟಬಾರದು. ಟೊಮೆಟೊ ಒಂದು ಸಾಕು. ಎರಡು ಕೂಗು ಬಂದ ಮೇಲೆ ಆರಿಸಿ, ಒತ್ತಡ ತಾನಾಗಿ ಇಳಿಯಲಿ. ತೆಗೆದ ತಕ್ಷಣ ಸೌಟು ಹಾಕಿ ತಿರುವಬೇಡಿ, ಐದು ನಿಮಿಷ ಬಿಟ್ಟು ಅಂಚಿನಿಂದ ಮೆಲ್ಲಗೆ ಬಿಡಿಸಿ.

ಹಳೇಅಕ್ಕಿ
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಅಕ್ಕಿ ಹೊಸದಾ, ಹಳೆಯದಾ?

ಕುಕ್ಕರ್‌ಕೂಗು
ಊರಿಂದ ಈಗ ತಾನೇ ಬಂದಿದ್ದು. ಈ ಸಲದ ಬೆಳೆ.

ಹಳೇಅಕ್ಕಿ
ಅಲ್ಲೇ ಇದೆ ನೋಡಿ! ಹೊಸ ಅಕ್ಕಿ ನೀರು ಕಡಿಮೆ ಕುಡಿಯುತ್ತೆ, ಬೇಗ ಅಂಟುತ್ತೆ. ಅದಕ್ಕೆ ಒಂದೂವರೆ ಲೋಟ ಸಾಕು, ನೆನೆಸೋದೂ ಬೇಡ. ತೊಳೆದ ನೀರು ತಿಳಿಯಾಗೋವರೆಗೂ ನಾಲ್ಕೈದು ಸಲ ತೊಳೀರಿ, ಮೇಲಿನ ಗಂಜಿ ಅಂಶ ಹೋಗಲಿ. ಪಲಾವಿಗೆ ಅಂತ ಒಂದು ವರ್ಷ ಹಳೇ ಅಕ್ಕಿ ಎತ್ತಿಟ್ಟರೆ ಇನ್ನೂ ಒಳ್ಳೆಯದು. ಇನ್ನು ತಳ ಹಿಡಿಯೋದು. ಎಣ್ಣೆ ಕಮ್ಮಿ ಇದ್ದಾಗ ಮಸಾಲೆ ಹುರಿಯುವಾಗಲೇ ತಳಕ್ಕೆ ಅಂಟಿರುತ್ತೆ, ಮುಚ್ಚಳ ಹಾಕಿದ ಮೇಲೆ ಅದೇ ಸೀಯೋದು. ಸಣ್ಣ ಉರಿಯಲ್ಲಿ ಹುರೀರಿ. ಅಂಟಿತು ಅನ್ನಿಸಿದಾಗ ಎರಡು ಚಮಚ ನೀರು ಚಿಮುಕಿಸಿ ಮರದ ಸೌಟಿನಲ್ಲಿ ಕೆರೆದು ಬಿಡಿಸಿ. ಆ ಒಂದು ಚಮಚ ಎಣ್ಣೆಯನ್ನು ಮಾತ್ರ ಬಿಡಬೇಡಿ. ಚಕ್ಕೆ ಲವಂಗದ ಘಮ ಎಣ್ಣೆಯಲ್ಲೇ ಬಿಡೋದು.

ಹುರಿಗಡಲೆ
ಅಂದ ಹಾಗೆ, ಎಣ್ಣೆ ಉಳಿಸಿ ಒಂದು ಹೋಳು ಕಾಯಿ ರುಬ್ಬಿದರೆ ಉಪಯೋಗ ಏನು? 100 ಗ್ರಾಂ ಹಸಿ ತೆಂಗಿನ ತುರಿಯಲ್ಲಿ ಸುಮಾರು 33 ಗ್ರಾಂ ಕೊಬ್ಬು ಇದೆ. ಏಳು ಟೀ ಚಮಚ ಎಣ್ಣೆ ಸುರಿದ ಹಾಗೆ! ಅದೂ ಹೆಚ್ಚಿನಂಶ ಸ್ಯಾಚುರೇಟೆಡ್ ಕೊಬ್ಬು, ಕೊಲೆಸ್ಟ್ರಾಲ್ ಇರೋರು ಕಡಿಮೆ ಮಾಡಬೇಕಾದ್ದೇ ಅದನ್ನ. ಕಾಯಿ ಎರಡು ಚಮಚಕ್ಕೆ ಇಳಿಸಿ, ಒಂದು ಚಮಚ ಹುರಿಗಡಲೆ ಸೇರಿಸಿ ರುಬ್ಬಿ. (ನನ್ನ ಹೆಸರು ನೋಡಿ ನಗಬೇಡಿ.)

ಕುಕ್ಕರ್‌ಕೂಗು
ಅಯ್ಯೋ, ಕಾಯಿ ವಿಷಯ ತಲೆಗೇ ಹೊಳೆದಿರಲಿಲ್ಲ! ಇವತ್ತು ಒಂದೂವರೆ ಲೋಟದಲ್ಲಿ ಮಾಡಿದೆ. ಅಗುಳು ಬಿಡಿಬಿಡಿ, ತಳ ಹಿಡಿದಿಲ್ಲ. ಬೀನ್ಸ್ ಮಾತ್ರ ಕಚಕಚ ಅಂತಿದೆ.

ಹಳೇಅಕ್ಕಿ
ಸಣ್ಣಗೆ ಹೆಚ್ಚಿ, ಮಸಾಲೆ ಹಾಕೋ ಮುಂಚೆ ಉಪ್ಪು ಉದುರಿಸಿ ಮೂರು ನಿಮಿಷ ಬಾಡಿಸಿ. ನೀರು ಮಾತ್ರ ಹೆಚ್ಚಿಸಬೇಡಿ.