ದಿನಾ ಸಂಜೆ 4ಕ್ಕೆ ಮಾಟ್ ಮಾಯ: 780 ನ್ಯಾನೋಮೀಟರ್ ಲೇಸರ್ ಲಾಕ್ ತಪ್ಪೋದು ಯಾಕೆ?

ತಂಪು_ಪರಮಾಣು:
ಬೆಂಗಳೂರಿನ ಲ್ಯಾಬ್. ರುಬಿಡಿಯಂ-87ರ ಮ್ಯಾಗ್ನೆಟೋ-ಆಪ್ಟಿಕಲ್ ಟ್ರ್ಯಾಪ್ (ಮಾಟ್), ಅಂದರೆ ಲೇಸರ್ ಮತ್ತು ಕಾಂತಕ್ಷೇತ್ರದಿಂದ ಪರಮಾಣುಗಳನ್ನು ತಂಪಾಗಿಸಿ ಹಿಡಿದಿಡುವ ಬಲೆ. ಬೆಳಿಗ್ಗೆಯೆಲ್ಲ ಚೆನ್ನಾಗಿರುತ್ತದೆ. ಸಂಜೆ 3:30ರಿಂದ 4:30ರೊಳಗೆ ಕೂಲಿಂಗ್ ಲೇಸರಿನ ಲಾಕ್ (ಅದರ ಆವರ್ತನವನ್ನು ಒಂದೇ ಕಡೆ ಹಿಡಿದಿಡುವ ವ್ಯವಸ್ಥೆ) ತಪ್ಪಿ ಪರಮಾಣು ಮೋಡ ಕರಗಿಹೋಗುತ್ತದೆ. ಹೆಚ್ಚುಕಡಿಮೆ ದಿನವೂ ಇದೇ ಕಥೆ.

ಸೆಟಪ್ ಹೀಗಿದೆ: ಇಲ್ಲೇ ಜೋಡಿಸಿದ ಲಿಟ್ರೋ ಮಾದರಿಯ (ಗ್ರೇಟಿಂಗ್ ಎಂಬ ಗೆರೆಗನ್ನಡಿ ಬೆಳಕಿನ ಒಂದು ಪಾಲನ್ನು ಡಯೋಡಿಗೇ ವಾಪಸ್ ಕಳಿಸುವ) ಡಯೋಡ್ ಲೇಸರ್, ಗ್ರೇಟಿಂಗ್‌ವರೆಗೆ 25 ಮಿ.ಮೀ. ಕ್ಯಾವಿಟಿ (ಬೆಳಕು ಹಿಂದೆಮುಂದೆ ಓಡಾಡುವ ಜಾಗ). ಸ್ಯಾಚುರೇಟೆಡ್ ಅಬ್ಸಾರ್ಪ್ಶನ್‌ನಲ್ಲಿ (ರುಬಿಡಿಯಂ ಆವಿ ಬೆಳಕು ಹೀರುವ ಚೂಪು ಗೆರೆಗಳನ್ನು ನೋಡುವ ವಿಧಾನ) F=2ರಿಂದ F'=2 ಮತ್ತು 3ರ (F, F' ಅಂದರೆ ಪರಮಾಣುವಿನ ಕೆಳಗಿನ, ಮೇಲಿನ ಶಕ್ತಿಮಟ್ಟಗಳ ಗುರುತು) ನಡುವಿನ ಕ್ರಾಸ್‌ಓವರಿಗೆ, ಅಂದರೆ ಆ ಎರಡು ಗೆರೆಗಳ ನಟ್ಟನಡುವೆ ಕಾಣುವ ಗೆರೆಗೆ, ಲಾಕ್. ಅದು F'=3ಕ್ಕಿಂತ 133 ಮೆಗಾಹರ್ಟ್ಸ್ ಕೆಳಗಿರುವುದರಿಂದ 60 ಮೆಗಾಹರ್ಟ್ಸ್ ಎಒಎಂ (ಶಬ್ದದ ಅಲೆಯಿಂದ ಬೆಳಕಿನ ಆವರ್ತನ ಸರಿಸುವ ಸಾಧನ) ಡಬಲ್ ಪಾಸ್ ಮಾಡಿ 120 ಮೇಲಕ್ಕೇರಿಸುತ್ತೇವೆ, ಡಿಟ್ಯೂನಿಂಗ್ (F'=3 ಗೆರೆಯಿಂದ ಇರುವ ದೂರ) ಮೈನಸ್ 13ಕ್ಕೆ ಬರುತ್ತದೆ. ಲಾಕ್ ಸರಿದಾಗ ತಿದ್ದುವ ಪಿಐ ಸರ್ಕ್ಯೂಟಿನ ಔಟ್‌ಪುಟ್ ಡಯೋಡ್ ಕರೆಂಟಿಗೆ ಮಾತ್ರ ಹೋಗುತ್ತದೆ. ಪೀಜೋ (ವೋಲ್ಟೇಜ್ ಕೊಟ್ಟರೆ ಗ್ರೇಟಿಂಗನ್ನು ತುಸು ಸರಿಸುವ ಬಿಲ್ಲೆ) ವೋಲ್ಟೇಜ್ ಬೆಳಿಗ್ಗೆ ಕೈಯಿಂದ ಇಟ್ಟಿದ್ದೇ. ಡಯೋಡ್ ಬ್ಲಾಕ್ 17 ಡಿಗ್ರಿ, ರೂಮಿನ ಏಸಿ 22.

ರಾತ್ರಿ ಹಾಗೇ ಬಿಟ್ಟರೆ ಕೆಲವು ದಿನ ಬೆಳಗಿನ ಜಾವ 3–4ರ ಹೊತ್ತಿಗೂ ಲಾಕ್ ಹೋಗಿದ್ದು ಲಾಗ್‌ನಲ್ಲಿದೆ.

ಕನ್ನಡಿ_ಕಟ್ಟು:
ಮೊದಲು ಏಸಿ ನೋಡಿ ಸರ್. ಅಲ್ಯೂಮಿನಿಯಂ ಬ್ಲಾಕ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗುತ್ತದೆ. 384 ಟೆರಾಹರ್ಟ್ಸ್ ಬೆಳಕಿಗೆ ಅದು ಡಿಗ್ರಿಗೆ ಸುಮಾರು 9 ಗಿಗಾಹರ್ಟ್ಸ್, ಅಂದರೆ 10 ಮಿಲಿಡಿಗ್ರಿ ಸರಿದರೂ 90 ಮೆಗಾಹರ್ಟ್ಸ್. ಮಧ್ಯಾಹ್ನದ ಬಿಸಿಲು ಗೋಡೆಗೆ ಬೀಳುತ್ತಿದ್ದರೆ ಅಷ್ಟು ಸಾಕು. ಥರ್ಮಿಸ್ಟರ್ (ಉಷ್ಣತೆ ಅಳೆಯುವ ಬಿಡಿಭಾಗ) ಡಯೋಡ್‌ಗೆ ಅಂಟಿದ್ದು ಗ್ರೇಟಿಂಗ್ ಕಡೆ ಇಲ್ಲದಿದ್ದರೆ ಕಂಟ್ರೋಲರ್‌ಗೆ ಗೊತ್ತೂ ಆಗುವುದಿಲ್ಲ.

ಕಿರಣ_ಜಾಲ:
ಲೆಕ್ಕ ಸರಿ, ಆದರೆ ಬೆಳಗಿನ ಜಾವ 4ಕ್ಕೆ ಯಾವ ಬಿಸಿಲು? ಉಷ್ಣತೆ ದಿನಕ್ಕೆ ಒಂದು ಸಲ ಏರಿ ಇಳಿಯುತ್ತದೆ. ದಿನಕ್ಕೆ ಎರಡು ಸಲ, ಅದೂ ನಾಲ್ಕು-ನಾಲ್ಕು ಗಂಟೆಗೆ ತಳ ಮುಟ್ಟುವುದು ಗಾಳಿಯ ಒತ್ತಡ. ಸೂರ್ಯನ ಶಾಖವನ್ನು ಓಝೋನ್ ಮತ್ತು ನೀರಾವಿ ಹೀರಿಕೊಂಡು ವಾತಾವರಣದಲ್ಲಿ ಉಬ್ಬರವಿಳಿತ ಎಬ್ಬಿಸುತ್ತವೆ. ನಮ್ಮ ಅಕ್ಷಾಂಶದಲ್ಲಿ ಬೆಳಿಗ್ಗೆ 10 ಮತ್ತು ರಾತ್ರಿ 10ಕ್ಕೆ ಒತ್ತಡ ಹೆಚ್ಚು, ಎರಡೂ 4ಕ್ಕೆ ಕಡಿಮೆ. ಬೆಳಿಗ್ಗೆ 10ರಿಂದ ಸಂಜೆ 4ಕ್ಕೆ 3–4 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ರಾತ್ರಿಯ ಇಳಿತ ಅದಕ್ಕಿಂತ ಸಣ್ಣದು, ಅದಕ್ಕೇ "ಕೆಲವು ದಿನ" ಮಾತ್ರ. ಯುರೋಪಿನ ಲ್ಯಾಬುಗಳಲ್ಲೂ ಒತ್ತಡದಿಂದ ಲೇಸರ್ ಸರಿಯುತ್ತದೆ, ಆದರೆ ಅಲ್ಲಿ ಹವಾಮಾನದ ದೊಡ್ಡ ಏರಿಳಿತದಲ್ಲಿ ಈ ಗಡಿಯಾರ ಮುಚ್ಚಿಹೋಗುತ್ತದೆ.

ಈಗ ಲೆಕ್ಕ. 1 ಹೆಕ್ಟೋಪಾಸ್ಕಲ್ ಬದಲಾದರೆ ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು ಒಂದು ಕೋಟಿಯಲ್ಲಿ 2.6 ಭಾಗ ಬದಲಾಗುತ್ತದೆ, ಕ್ಯಾವಿಟಿಯಲ್ಲಿ ಲೇಸರಿನ ಆವರ್ತನವೂ ಅಷ್ಟೇ ಪಾಲು ಸರಿಯುತ್ತದೆ, ಅಂದರೆ 100 ಮೆಗಾಹರ್ಟ್ಸ್. ಕ್ಯಾವಿಟಿಯಲ್ಲಿ ಲೆನ್ಸ್, ಡಯೋಡ್ ಚಿಪ್ಪಿನ ಪಾಲು ಕಳೆದರೆ 80ರ ಆಸುಪಾಸು. ಸಂಜೆಯ ಹೊತ್ತಿಗೆ 300 ಮೆಗಾಹರ್ಟ್ಸ್.

ನಿಮ್ಮ ಸರ್ವೋ (ಆ ಪಿಐ ಸರ್ಕ್ಯೂಟ್) ಅಷ್ಟನ್ನೂ ಕರೆಂಟಿನಿಂದಲೇ ಸರಿಮಾಡಬೇಕು (ಡಯೋಡ್ ಕರೆಂಟು, ಬೆಸ್ಕಾಂದಲ್ಲ). ಗ್ರೇಟಿಂಗ್ ಇರುವಾಗ ಮಿಲಿಆಂಪಿಗೆ ಸುಮಾರು 100 ಮೆಗಾಹರ್ಟ್ಸ್ ಅಂದುಕೊಂಡರೆ 3 ಮಿಲಿಆಂಪ್ ಏರಬೇಕು. ಅಷ್ಟರಲ್ಲಿ ಚಿಪ್ಪಿನ ಸ್ವಂತ ಮೋಡ್ (ಅದು ತಾನಾಗಿ ಆರಿಸಿಕೊಳ್ಳುವ ಆವರ್ತನ) ಹಲವು ಗಿಗಾಹರ್ಟ್ಸ್ ಸರಿದಿರುತ್ತದೆ. ನಿಮ್ಮ ಕ್ಯಾವಿಟಿಯ ಮೋಡ್ ಅಂತರ 6 ಗಿಗಾಹರ್ಟ್ಸ್. ಅರ್ಧ ದಾಟಿದರೆ ಪಕ್ಕದ ಮೋಡಿಗೆ ಜಿಗಿತ, ಲಾಕ್ ಗೋವಿಂದ.

ನಂಬಿಕೆ ಬರದಿದ್ದರೆ ಎಸ್.ಪಿ. ರೋಡಿನಲ್ಲಿ ಬಿಎಂಪಿ280 ಎಂಬ ಗಾಳಿಯ ಒತ್ತಡದ ಸೆನ್ಸರ್ ತಂದು ಒಂದು ಆರ್ಡುಯಿನೋಗೆ ಕಟ್ಟಿ, ಪಿಐ ಔಟ್‌ಪುಟ್ ಜೊತೆಗೆ ಎರಡು ದಿನ ಲಾಗ್ ಮಾಡಿ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಏಸಿ ಮೆಕ್ಯಾನಿಕ್‌ನನ್ನು ಕರೆಯಬೇಕಿಲ್ಲ.

ತಂಪು_ಪರಮಾಣು:
ಕೂತವು, ಸರ್. ಹಾಗಾದರೆ ಈ ನಿಧಾನದ ಸರಿತವನ್ನು ಕರೆಂಟಿನ ಬದಲು ಪೀಜೋದಿಂದ ತಿದ್ದಿಸೋಣ ಅಂತಿದ್ದೇನೆ. ಪೀಜೋಗೆ ಫೀಡ್‌ಬ್ಯಾಕ್ ಕೊಡುವಾಗ ಎರರ್ ಸಿಗ್ನಲ್ಲನ್ನೇ (ಲೇಸರ್ ಗೆರೆಯಿಂದ ಎಷ್ಟು ಸರಿದಿದೆ ಎಂದು ಹೇಳುವ ವೋಲ್ಟೇಜನ್ನೇ) ಕೊಡಬೇಕಾ?

ಕಿರಣ_ಜಾಲ:
ಬೇಡ. ಎರಡು ಇಂಟಿಗ್ರೇಟರ್ (ಎರರನ್ನು ಕೂಡಿಸುತ್ತಾ ಹೋಗುವ ಸರ್ಕ್ಯೂಟ್; ಪಿಐನಲ್ಲೇ ಒಂದಿದೆ) ಒಂದೇ ಎರರ್ ನೋಡಿದರೆ ಹಗ್ಗಜಗ್ಗಾಟ ಶುರುವಾಗುತ್ತದೆ: ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ನಿಧಾನವಾಗಿ ಜಾರುತ್ತಾ ಎರಡೂ ತುದಿ ಮುಟ್ಟುತ್ತವೆ. ಕರೆಂಟಿಗೆ ಹೋಗುವ ಪಿಐ ಔಟ್‌ಪುಟ್ಟನ್ನೇ ಎರಡನೇ ಇಂಟಿಗ್ರೇಟರಿಗೆ ಕೊಡಿ, ಸಮಯ ಸ್ಥಿರಾಂಕ 5–10 ಸೆಕೆಂಡ್. ಅದರ ಔಟ್‌ಪುಟ್ ಪೀಜೋ ಡ್ರೈವರಿಗೆ. ಆಗ ಕರೆಂಟಿನ ತಿದ್ದುಪಡಿ ಸರಾಸರಿ ಸೊನ್ನೆಯಲ್ಲೇ ನಿಲ್ಲುತ್ತದೆ, ನಿಧಾನದ ಭಾರವನ್ನೆಲ್ಲ ಪೀಜೋ ಹೊರುತ್ತದೆ. ದಿನದ ಇಳಿತಕ್ಕೆ ಬೇಕಾದ ಚಲನೆ 25 ನ್ಯಾನೋಮೀಟರಿನಷ್ಟೇ. ವೋಲ್ಟಿಗೆ 30 ನ್ಯಾನೋಮೀಟರ್ ಸರಿಯುವ ಸ್ಟ್ಯಾಕ್ ಆದರೆ ಒಂದು ವೋಲ್ಟೂ ಬೇಡ.

ವೋಲ್ಟೇಜಿನ ಗದ್ದಲದ (ನಾಯ್ಸ್) ಬಗ್ಗೆ ಎಚ್ಚರ: ಅಂಥ ಪೀಜೋದಲ್ಲಿ 1 ಮಿಲಿವೋಲ್ಟ್ ಅಂದರೆ 0.4 ಮೆಗಾಹರ್ಟ್ಸ್. ಡ್ರೈವರ್ ಔಟ್‌ಪುಟ್ಟಿಗೆ 10 ಕಿಲೋಓಂ, 10 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿ, 1.6 ಹರ್ಟ್ಸಿನ ಮೇಲೆ ಎಲ್ಲ ಸೋಸಿಹೋಗುತ್ತದೆ. ಕೆಪಾಸಿಟರ್ ಪೀಜೋ ವೋಲ್ಟೇಜ್ ತಾಳುವಂಥದ್ದಿರಲಿ, ಕೈ ಹಾಕುವ ಮುಂಚೆ ಡಿಸ್ಚಾರ್ಜ್ ಮಾಡಿ. ಚಿಹ್ನೆ ತಿರುಗಿದ್ದರೆ ಲಾಕ್ ಹಾಕಿದ ಅರ್ಧ ನಿಮಿಷದಲ್ಲಿ ಪೀಜೋ ಒಂದೇ ದಿಕ್ಕಿಗೆ ಓಡುತ್ತದೆ. ಇನ್‌ವರ್ಟ್ ಮಾಡಿದರೆ ಆಯಿತು.

ಕನ್ನಡಿ_ಕಟ್ಟು:
ಏಸಿ ಮಾತು ವಾಪಸ್ ತಗೊಂಡೆ. ಆದರೆ ಆ 17 ಡಿಗ್ರಿಯನ್ನು ಬಿಡಲಾರೆ. ಮಳೆಗಾಲದಲ್ಲಿ ಇಲ್ಲಿ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗುವ ಉಷ್ಣತೆ) 19–20ರ ಹತ್ತಿರ. ಹೊರಗಿನ ಗಾಳಿ ಒಳಬಂದರೆ ಡಯೋಡ್ ಮೇಲೆ ನೀರು ಕೂರುತ್ತದೆ. 22ಕ್ಕೆ ಏರಿಸಿ, ಕರೆಂಟ್ ಮತ್ತು ಗ್ರೇಟಿಂಗ್ ಕೋನ ಮತ್ತೆ ಹೊಂದಿಸಿ.

ಹೇಗೂ ಬಿಚ್ಚುತ್ತೀರಲ್ಲ, ಲೇಸರ್ ಕೂತಿರುವ ಡಬ್ಬಿಯನ್ನೂ ಗಾಳಿ ಆಡದಂತೆ ಮುಚ್ಚಿ: ಮುಚ್ಚಳಕ್ಕೆ ಓ-ರಿಂಗ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಕಿಟಕಿ ಗಾಜಿಗೆ ಎಪಾಕ್ಸಿ. ಮೋಸ ಮಾಡುವುದು ಸಾಮಾನ್ಯವಾಗಿ ತಂತಿಗಳು ಒಳಹೋಗುವ ಡಿ-ಕನೆಕ್ಟರ್. ಅದರ ಪಿನ್ನುಗಳ ಸುತ್ತಲೇ ಗಾಳಿ ಸೋರುತ್ತದೆ, ಹಿಂಬದಿಗೆ ಎಪಾಕ್ಸಿ ತುಂಬಿ. ಲೇಸರ್ ಬ್ಲಾಕನ್ನು ಮುಚ್ಚಳಕ್ಕೋ ತೆಳು ಗೋಡೆಗೋ ಬಿಗಿಯಬೇಡಿ, ಹೊರಗಿನ ಒತ್ತಡ ಬದಲಾದಾಗ ಗೋಡೆ ಬಾಗಿ ಕ್ಯಾವಿಟಿಯನ್ನೂ ಎಳೆಯುತ್ತದೆ. ಇನ್ನೊಂದು ಬಿಎಂಪಿ280 ಡಬ್ಬಿಯೊಳಗೆ ಇಡಿ. ಹೊರಗಿನ ಗೆರೆ ಸಂಜೆ ಇಳಿದರೂ ಒಳಗಿನದು ಮಟ್ಟಸವಾಗಿದ್ದರೆ ಸೀಲ್ ಗಟ್ಟಿ. ಎರಡೂ ಜೊತೆಯಾಗಿ ಇಳಿದರೆ ಇನ್ನೊಮ್ಮೆ ಎಪಾಕ್ಸಿ ಕಲಸಿ.