ಜಿಯೋಟ್ಯಾಗಿಗೆ ಶಾಲು ಬೇಡ

“ಬಿ.ಕಾಂ. ಮಕ್ಕಳಿಗೆ ಒಂದು ಅತಿಥಿ ಉಪನ್ಯಾಸ ಇಡ್ಬೇಕು. ಯಾವುದಾದ್ರೂ ದೊಡ್ಡ ಕಂಪೆನಿಯ ವೈಸ್ ಪ್ರೆಸಿಡೆಂಟ್ ಸಿಗ್ಬಹುದಾ?” ಹಂಪನಕಟ್ಟೆಯ ಹೋಟೆಲಿನಲ್ಲಿ ಗೋಳಿಬಜೆಯ ಪ್ಲೇಟು ತನ್ನತ್ತ ಎಳೆದುಕೊಳ್ಳುತ್ತಾ ಭಟ್ರು ಕೇಳಿದ್ರು.

ಎಚ್‌ಆರ್ ಲವೀನಾ ನಕ್ಕಳು. “ವೈಸ್ ಪ್ರೆಸಿಡೆಂಟ್ ಎಂತಕ್ಕೆ ಮಾರಾಯ್ರೆ? ಅವ್ರು ಕೆಲಸ ಹುಡುಕಿದ್ದು ಯಾವ ಕಾಲದಲ್ಲೋ! ಸೇರಿ ಎರಡು-ಮೂರು ವರ್ಷ ಆದ ಹಳೆ ವಿದ್ಯಾರ್ಥಿಯನ್ನು ಕರೀರಿ. ಮೊದಲ ತಿಂಗಳು ಎಲ್ಲಿ ತಪ್ಪಾಗ್ತದೆ, ಯಾರು ಬೈತಾರೆ ಅಂತ ಅವನಿಗೆ ಸರಿ ನೆನಪುಂಟು.”

“ಬ್ಯಾನರಿನಲ್ಲಿ ‘ಜೂನಿಯರ್ ಅಸೋಸಿಯೇಟ್’ ಅಂತ ಹಾಕಿದ್ರೆ ಪ್ರಿನ್ಸಿಪಾಲ್ರಿಗೆ ಚಂದ ಕಾಣುದಿಲ್ಲ.”

“ಹಾಗಾದ್ರೆ ಬ್ಯಾನರೇ ಬೇಡ” ಅಂದ ರಫೀಕ್. ಪಣಂಬೂರು ಬಂದರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಅವನ ಕಸುಬು. “ಒಂದು ಗಂಟೆಯ ಲೆಕ್ಕ ಹಾಕಿ. ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ಶಾಲು, ಸ್ಮರಣಿಕೆ, ಧನ್ಯವಾದ. ಇಪ್ಪತ್ತೈದು ನಿಮಿಷ ಅಲ್ಲೇ ಢಮಾರ್. ಪೀಠಿಕೆಯಲ್ಲೇ ಬೆಳಗಾಗುವ ತಾಳಮದ್ದಳೆ!”

“ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್‌ನವರಿಗೆ ಜಿಯೋಟ್ಯಾಗ್ ಫೋಟೋ, ಅಂದ್ರೆ ಜಾಗದ ಗುರುತು ಇರುವ ಫೋಟೋ ಬೇಕಲ್ಲ?”

“ಬಾಗಿಲಲ್ಲೇ ತೆಗೀರಿ, ಅರ್ಧ ನಿಮಿಷ. ಅಕ್ಷಾಂಶ ರೇಖಾಂಶಕ್ಕೆ ಶಾಲು ಬೇಡ.”

ಲವೀನಾ ಬಜೆಯನ್ನು ಚಟ್ನಿಗೆ ಅದ್ದಿದಳು. “ಹತ್ತು ದಿನ ಮೊದಲೇ ಬರುವವನಿಗೆ ಒಂದು ಪುಟ ಬರೆದು ಕಳಿಸಿ. ಎಷ್ಟನೇ ಸೆಮಿಸ್ಟರು, ಎಂತ ಕಲಿತಾಗಿದೆ, ಆ ದಿನ ಎಂತ ಮಾಡ್ಲಿಕ್ಕೆ ಕಲೀಬೇಕು ಅಂತ. ‘ಉದ್ಯಮದ ನಿರೀಕ್ಷೆಗಳು’ ಅಂತ ವಿಷಯ ಕೊಟ್ರೆ ‘ಆತ್ಮವಿಶ್ವಾಸ ಇರ್ಲಿ’ ಅಂದು ಹೋಗ್ತಾರೆ. ಅಷ್ಟಕ್ಕೆ ಬೆಂಗಳೂರಿಂದ ಶಿರಾಡಿ ಘಾಟಿ ಇಳಿದು ಬರ್ಬೇಕಾ?”

“ಮತ್ತೆ ಎಂತ ಹೇಳಿಸುದು?”

“ಹೇಳಿಸುದಲ್ಲ, ಮಾಡಿಸುದು” ಅಂತ ರಫೀಕ್ ಬಿಲ್ಲಿನ ಚೀಟಿ ತಿರುಗಿಸಿ ಪೆನ್ನು ತೆಗೆದ. “ಗೇರುಬೀಜ ರಫ್ತಿನ ಮಾದರಿ ಕಾಗದ. ಡಬ್ಲ್ಯು 320, ಅಂದ್ರೆ ಪೌಂಡಿಗೆ 300ರಿಂದ 320 ಬೀಜ. 22.68 ಕಿಲೋದ 700 ಪೆಟ್ಟಿಗೆ, ನಿವ್ವಳ 15,876 ಕಿಲೋ. ಇನ್‌ವಾಯ್ಸಿನಲ್ಲಿ ಸರಿಯಾಗೇ ಇರ್ಲಿ. ಪ್ಯಾಕಿಂಗ್ ಲಿಸ್ಟಿನಲ್ಲಿ ಮಾತ್ರ 15,786 ಅಂತ ಹಾಕಿ. ನಾಲ್ಕು ಜನರಿಗೆ ಒಂದು ಸೆಟ್ಟು, ಇಪ್ಪತ್ತು ನಿಮಿಷ. ತಪ್ಪು ಹುಡುಕ್ಲಿ.”

“ಬರೇ ತೊಂಬತ್ತು ಕಿಲೋ. ಅಷ್ಟಕ್ಕೆ ಎಂತಾಗ್ತದೆ?”

“ಎಲ್‌ಸಿ ಅಂದ್ರೆ ಕೊಳ್ಳುವವನ ಪರವಾಗಿ ಬ್ಯಾಂಕು ದುಡ್ಡಿಗೆ ಕೊಡುವ ಖಾತ್ರಿ ಪತ್ರ. ಆ ವ್ಯವಹಾರದಲ್ಲಿ ಬ್ಯಾಂಕು ನೋಡುದು ಕಾಗದ, ಬೀಜ ಅಲ್ಲ. ಒಂದಕ್ಕೊಂದು ತಾಳೆ ಆಗದಿದ್ರೆ ದುಡ್ಡು ಕೊಡುದಿಲ್ಲ ಅನ್ನಬಹುದು. ಪರಿಶೀಲಿಸ್ಲಿಕ್ಕೆ ಅವ್ರಿಗೆ ಐದು ಬ್ಯಾಂಕಿಂಗ್ ದಿನ ಉಂಟು. ಅಷ್ಟರಲ್ಲಿ ಹಡಗು ಸಮುದ್ರದಲ್ಲಿ ಇರ್ತದೆ, ಯಜಮಾನ್ರು ನೆಲದ ಮೇಲೆ ಇರುದಿಲ್ಲ.”

“ಅದರ ಮೇಲೆ ಐದು ಸಾಲಿನ ಮೇಲ್ ಬರೆಸಿ” ಅಂದಳು ಲವೀನಾ. “ತಪ್ಪು ಸಿಕ್ಕುದು ಅರ್ಧ ಕೆಲಸ. ಅದನ್ನು ಯಜಮಾನ್ರಿಗೆ ಬೈಗುಳ ತಿನ್ನದೆ ತಿಳಿಸುದು ಉಳಿದರ್ಧ. ಎರಡು ದಿನದೊಳಗೆ ಎಲ್ಲರದ್ದೂ ಬರ್ಲಿ. ಅತಿಥಿ ಹತ್ತು ಮೇಲ್ ತಿದ್ದಿ ಕಳಿಸ್ಲಿ. ಅದಕ್ಕೂ ಸೇರಿಸಿ ಗೌರವಧನ ಅಂತ ಕರೆಯುವಾಗಲೇ ಹೇಳಿಬಿಡಿ, ಆಮೇಲೆ ಹೇಳಿದ್ರೆ ಫೋನೇ ಎತ್ತುದಿಲ್ಲ.”

“ಮುನ್ನೂರು ಮಕ್ಕಳಿದ್ದಾರೆ ಮಾರಾಯ್ತಿ!”

“ನಲ್ವತ್ತರ ತಂಡ ಮಾಡಿ. ಆಡಿಟೋರಿಯಮ್ಮಿನ ಹಿಂದಿನ ಸಾಲಿಗೆ ಇನ್‌ವಾಯ್ಸೂ ಕಾಣುದಿಲ್ಲ, ಅತಿಥಿಯೂ ಕಾಣುದಿಲ್ಲ, ಮೊಬೈಲ್ ಮಾತ್ರ ಕಾಣ್ತದೆ. ಮೂರನೇ ಸೆಮಿಸ್ಟರಿನಲ್ಲೇ ಶುರು ಮಾಡಿ. ಆರನೇದಕ್ಕೆ ಬಂದಾಗ ಪ್ಲೇಸ್‌ಮೆಂಟ್ ಶುರುವಾಗಿರ್ತದೆ, ತಿದ್ದಿಕೊಳ್ಳಲು ಪುರುಸೊತ್ತೇ ಇಲ್ಲ.”

“ಜುಲೈಯಲ್ಲಿ ಇಡ್ಲಾ?”

“ರೆಡ್ ಅಲರ್ಟ್ ಬಂದು ಡಿಸಿ ರಜೆ ಕೊಟ್ರೆ ಅತಿಥಿ ಮತ್ತು ಗೋಡಂಬಿ ಮಾತ್ರ ಇರ್ತಾರೆ. ಪ್ರಶ್ನೆ ಮಾತ್ರ ಮೊದಲೇ ಚೀಟಿಯಲ್ಲಿ ಬರೆಸಿ, ಹೆಸರಿಲ್ಲದೆ. ‘ಎನಿ ಕ್ವಶ್ಚನ್ಸ್?’ ಅಂತ ಕೇಳಿದ್ರೆ ಇಡೀ ಕ್ಲಾಸು ಫ್ಯಾನು ನೋಡ್ತದೆ. ಚೀಟಿಯಲ್ಲಾದ್ರೆ ಸಂಬಳ ಎಷ್ಟು, ಬಾಂಡ್ ಉಂಟಾ, ಬೆಂಗಳೂರಲ್ಲಿ ರೂಮು ಬಾಡಿಗೆ ಎಷ್ಟು, ಎಲ್ಲ ಬರ್ತದೆ.”

ಭಟ್ರಿಗೆ ಈಗ ಹುರುಪು ಬಂತು. “ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ, ಕಸುಬಿನಲ್ಲಿ ಪಳಗಿದವರೇ ಪಾಠ ಮಾಡುವ ಹುದ್ದೆ ತಂದಿದೆಯಲ್ಲ, 15 ವರ್ಷ ಅನುಭವ ಕೇಳ್ತದೆ, ಪಿಎಚ್‌ಡಿ ಕೇಳುದಿಲ್ಲ. ಅದೆಲ್ಲ ದೊಡ್ಡ ಮಾತು, ಸದ್ಯಕ್ಕೆ ರಫೀಕ್, ನೀನೇ ಒಂದು ಗಂಟೆ ಬಾ.”

“ಹಡಗು ಇಲ್ಲದ ದಿನ ಬರ್ತೇನೆ.”

“ಅದು ಯಾವತ್ತು?”

“ಅದನ್ನು ಹಡಗಿನವರನ್ನೇ ಕೇಳ್ಬೇಕು ಭಟ್ರೇ.”

ಭಟ್ರು ಡೈರಿ ತೆಗೆದು ಕೇಳಿದ್ರು: “ಅವ್ರ ನಂಬರ್ ಉಂಟಾ?”